ತೇಪೆ

ಇಪ್ಪತ್ತೆರಡು ವರ್ಷ ನಾನದಕ್ಕೆ ತೇಪೆ ಹಾಕಿದೆ.
ಗೋಜೋ ದ್ವೀಪದ ಇಮ್ಜಾರ್ ಬಂದರಿನಲ್ಲಿ
'ಗಾವಿಯಾ' ಅಂದರೆ ಯಾರಿಗೆ ಗೊತ್ತಿಲ್ಲ?
ಹೆಸರಿಗೆ ಕಡಲಹಕ್ಕಿ, ನಡಿಗೆಗೆ ಗಬ್ಬದ ಕತ್ತೆ.
ದಿನಕ್ಕೆ ಹದಿನಾಲ್ಕು ಸಲ ಆಚೆ ದಡ, ಈಚೆ ದಡ.
ಟೊಮೆಟೊ ಲಾರಿ, ಮದುವೆಯ ಕಾರು,
ದೊಡ್ಡಾಸ್ಪತ್ರೆಗೆ ಹೊರಟ ಹೆರಿಗೆನೋವು,
ಒಮ್ಮೆ ನನ್ನಪ್ಪನ ಶವಪೆಟ್ಟಿಗೆ.
ತುಕ್ಕು ಎಲ್ಲಿ ಬಾಯಿಬಿಟ್ಟರೆ ಅಲ್ಲಿಗೆ
ನಾರ್ದು, ಏ ನಾರ್ದು, ಎಂದು ಕೂಗು.
ಕಪ್ಪುಗಾಜು ಇಳಿಸಿಕೊಂಡು, ಕಿಡಿ ಹಾರಿಸಿ
ಕಬ್ಬಿಣದ ಬಾಯಿಗೆ ಕಬ್ಬಿಣದ ಹೊಲಿಗೆ.

ಕೊನೆಗೊಂದು ದಿನ ಕಂಪನಿಯವರು ಕರೆದರು.
"ಮುಳುಗಿಸುತ್ತೇವೆ. ಮೀನಿಗೆ ಮನೆ, ಪ್ರವಾಸಿಗೆ ನೋಟ.
ತೂತು ಕೊರೆಯಬೇಕು. ಅದರ ಮೈ
ನಿನಗಿಂತ ಬಲ್ಲವರು ಯಾರು?"
ಕೂಲಿ ಚೆನ್ನಾಗಿತ್ತು. ಹೋದೆ.

ಎಣ್ಣೆ ಬಳಿದೆವು, ಗಾಜು ಕಿತ್ತೆವು,
ವೈರು, ರಬ್ಬರು, ಸೀಟಿನ ಸ್ಪಂಜು.
ಒಳಹೊಕ್ಕವರು ದಾರಿತಪ್ಪಿ ಸಾಯದಿರಲೆಂದು
ಬಾಗಿಲು ಕಳಚಿ, ಗೋಡೆಗೋಡೆಗೂ ಕಿಂಡಿ.
"ಹೆಣಕ್ಕೆ ಮೀಯಿಸಿದ ಹಾಗೆ" ಎಂದಳು ಹೆಂಡತಿ.
"ಹೆಣಕ್ಕೆ ಯಾರೂ ತೂತು ಹಾಕುವುದಿಲ್ಲ" ಎಂದೆ.
ಊಟ ತಣ್ಣಗಾಯಿತು.

ಮುಳುಗಿಸಿದ ದಿನ ಗುಡ್ಡದ ತುಂಬ ಜನ,
ಬ್ಯಾಂಡು, ಐಸ್‌ಕ್ರೀಮ್ ಗಾಡಿ.
ಹಿಂಬದಿ ಮೊದಲು. ಆಮೇಲೆ ಮೂತಿ ಮೇಲೆತ್ತಿ
ಏನೋ ಮರೆತು ಬಂದವರ ಹಾಗೆ
ಒಂದು ಗಳಿಗೆ ನಿಂತು
ಇಲ್ಲವಾಯಿತು.
ಜನ ಚಪ್ಪಾಳೆ ತಟ್ಟಿದರು.
ನಾನು ಎಣಿಸುತ್ತಿದ್ದೆ: ನನ್ನ ತೂತು ನಲವತ್ತೊಂದು,
ಒಂದೂ ಹುಸಿ ಹೋಗಲಿಲ್ಲ.

ಮಗಳು ರೋಡಿಯಾನ್‌ಗೆ ಈಗ ಅದೇ ಹೊಟ್ಟೆಪಾಡು.
ಜರ್ಮನರನ್ನು, ಪೋಲೆಂಡಿನವರನ್ನು
ಕೆಳಗಿಳಿಸುವುದು, ಮೇಲೆ ತರುವುದು.
"ಬಾ ಅಪ್ಪ, ನೋಡು" ಎಂದು ಮೂರು ವರ್ಷ ಕರೆದಳು.
ಅರವತ್ತರ ಚಳಿಗಾಲ ಈಜುಕೊಳದಲ್ಲಿ ಕಲಿತೆ
ಮೂಗು ಹಿಡಿದು ಕಿವಿ ಬಿಡಿಸುವುದು,
ಬಾಯಲ್ಲಿ ಉಸಿರಾಡುವುದು, ಮಾತಾಡದಿರುವುದು.
ಕೊನೆಯದು ನಿನಗೆ ಮೊದಲೇ ಬರುತ್ತಿತ್ತು,
ಎಂದಳು ಹೆಂಡತಿ.

ಹಗ್ಗ ಹಿಡಿದು ಇಳಿದೆವು.
ಐದಾರು ಮೀಟರಿಗೆ ಕೆಂಪು ಸತ್ತಿತು,
ಮಗಳ ಕೆಂಪು ಕಾಲ್ರೆಕ್ಕೆ ಬೂದಿಬಣ್ಣ.
ಇನ್ನಷ್ಟು ಇಳಿದರೆ ಕಿತ್ತಳೆಯೂ ಇಲ್ಲ,
ನನ್ನ ಕೈ ಯಾರದೋ ಕೈ.
ಆಮೇಲೆ ಕೆಳಗಿನ ನೀಲಿ ಗಟ್ಟಿಯಾಗುತ್ತ
ಕಂಬಿಯಾಯಿತು, ಮೆಟ್ಟಿಲಾಯಿತು,
ಗಾವಿಯಾ ಆಯಿತು.

ಅತ್ತೇನೆಂದು ಮಗಳು ಪಕ್ಕದಲ್ಲೇ ಈಜುತ್ತಿದ್ದಳು.
ಮುಖಗಾಜಿನೊಳಗೆ ಅತ್ತರೆ ಒರೆಸುವುದು ಹೇಗೆಂದು
ಪಾಠದಲ್ಲಿರಲಿಲ್ಲ.

ನಾನೇ ಕೊರೆದ ಕಿಂಡಿಯೊಂದರಲ್ಲಿ
ಹಾವುಮೀನು ಬಾಯಿ ತೆರೆದು, ಮುಚ್ಚಿ, ತೆರೆದು
ನನ್ನನ್ನೇ ಬಾಡಿಗೆ ಕೇಳಿತು.
ಟಿಕೆಟ್ ಗೂಡಿನಲ್ಲಿ ಆಕ್ಟೋಪಸ್
ಚಿಪ್ಪಿನ ಚಿಲ್ಲರೆ ಮುಂದಿಟ್ಟುಕೊಂಡು ಕೂತಿತ್ತು.
ಕಾರು ನಿಲ್ಲುವ ಡೆಕ್ಕಿನಲ್ಲಿ ಸಾವಿರ ಮರಿಮೀನು,
ಹಾರ್ನಿಲ್ಲ, ಬೈಗುಳವಿಲ್ಲ,
ಎಲ್ಲ ಒಮ್ಮೆಗೇ ತಿರುಗಿದವು.

ಬಲಬದಿಯ ಮೂರನೇ ಪಕ್ಕೆಯ ಬಳಿ
ಟಾರ್ಚು ಹಾಕಿದೆ. ಸತ್ತ ಕೆಂಪು ಎದ್ದು ಕೂತಿತು.
ಎರಡು ಅಂಗೈಯಷ್ಟು ತೇಪೆ.

ಫೆಬ್ರವರಿ. ಈಶಾನ್ಯದ ಗ್ರಿಗಾಲ್ ಗಾಳಿ ಆಗಷ್ಟೇ ಇಳಿದಿತ್ತು.
ತಟ್ಟೆ ಸೀಳಿದೆ, ಹಡಗು ಹೊರಡದು ಎಂದರು.
ಕಟ್ಟೆಯ ಮೇಲೆ ಹೆಂಡತಿ, ಲಾರಿಯೊಂದಕ್ಕೆ ಕೈಯೂರಿ,
ಉಸಿರು ಎಣಿಸುತ್ತಿದ್ದಳು.
ನಡುಗುವ ಕೈಯ ಹೊಲಿಗೆ, ಓರೆ, ಗಂಟುಗಂಟು.
ಬಿಡುವಾದಾಗ ಸರಿಮಾಡೋಣ ಎಂದುಕೊಂಡಿದ್ದೆ.
ಕೊರೆಯಲು ಬಂದಾಗಲೂ
ಅದೊಂದನ್ನು ಬಳಸಿಕೊಂಡು ಹೋಗಿದ್ದೆ.

ಸುತ್ತಲ ತಗಡು ಬಿಸ್ಕತ್ತಿನ ಹಾಗೆ ಉದುರುತ್ತಿದೆ.
ತೇಪೆ ಗಟ್ಟಿಯಾಗಿದೆ.
ಒಂದು ದಿನ ಹಡಗೆಲ್ಲ ಹೋಗಿ
ತೇಪೆಯೊಂದು ಮರಳಲ್ಲಿ ಉಳಿದೀತು,
ಯಾವ ತೂತನ್ನು ಮುಚ್ಚಿದ್ದೆನೆಂದು ತಿಳಿಯದೆ.

ಮಗಳು ಬೆರಳು ಮಡಿಸಿ ಕೇಳಿದಳು: ಸರಿಯೇ?
ನಾನೂ ಬೆರಳು ಮಡಿಸಿದೆ.

ದೋಣಿಯಲ್ಲಿ, ಟವೆಲು ಹೊದಿಸುತ್ತ,
"ಅಷ್ಟು ಹೊತ್ತು ಏನು ಸವರುತ್ತಿದ್ದೆ ಅಲ್ಲಿ?"
"ಓರೆಯಾಗಿದೆ" ಎಂದೆ.
"ನೀನು ಹುಟ್ಟಿದ ಮೇಲೆ ಸರಿಮಾಡಬೇಕೆಂದಿದ್ದೆ."